ಹುಟ್ಟುಹಬ್ಬದ ದಿನ ತೆರೆಯುವ ಹಗೇವು

ದೊಡ್ಡ ಗಾಯಕರೊಬ್ಬರಿಗೆ ಅರವತ್ತೋ ಎಪ್ಪತ್ತೈದೋ ತುಂಬಿದಾಗ, ಇಲ್ಲವೆ ಅವರು ಹುಟ್ಟಿ ನೂರು ವರ್ಷವಾದಾಗ, ಸಮಾಜ ತನಗೆ ತೋಚಿದ ರೀತಿಯಲ್ಲಿ ಅವರನ್ನು ಗೌರವಿಸುತ್ತದೆ. ಸರ್ಕಾರ ಪ್ರಶಸ್ತಿ ಕೊಡುತ್ತದೆ; ನಗರಸಭೆ ಒಂದು ಬೀದಿಗೆ ಅವರ ಹೆಸರಿಡುತ್ತದೆ; ಸಂಘಸಂಸ್ಥೆಗಳು ಶಾಲು ಹೊದಿಸಿ, ಫಲತಾಂಬೂಲ ನೀಡಿ, ಅಭಿನಂದನ ಗ್ರಂಥವೊಂದನ್ನು ಅರ್ಪಿಸುತ್ತವೆ. ಬಾನುಲಿಯ ಪಾಡು ಬೇರೆ. ಅದು ಶಾಲು ಹೊದಿಸಿದರೂ ಕೇಳುವವರಿಗೆ ಕಾಣಿಸುವುದಿಲ್ಲ. ಅದರ ಕೈಯಲ್ಲಿರುವುದು ದನಿಯೊಂದೇ. ಗಾಯಕರನ್ನು ಗೌರವಿಸುವುದಾದರೆ ಅದು ಅವರ ದನಿಯಿಂದಲೇ ಅವರನ್ನು ಗೌರವಿಸಬೇಕು. ಆ ದನಿ ನಿಲಯದ ಬಳಿ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆ ಆ ದಿನ ಏಳದೆ ಇರುವುದಿಲ್ಲ. ಹಾಗಾಗಿ ಗಾಯಕರ ಹುಟ್ಟುಹಬ್ಬವೆಂಬುದು ಬಾನುಲಿ ನಿಲಯಕ್ಕೆ ತನ್ನ ಉಗ್ರಾಣದ ಲೆಕ್ಕ ಒಪ್ಪಿಸುವ ದಿನವೂ ಹೌದು.

ನಮ್ಮ ಧಾರವಾಡದ ಸೀಮೆಗೆ ಈ ಶತಮಾನದಲ್ಲಿ ಇಂಥ ಲೆಕ್ಕದ ದಿನಗಳು ಒಂದರ ಹಿಂದೊಂದು ಬಂದವು. ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಕೊನೆಯಲ್ಲಿ. ಗಂಗೂಬಾಯಿ ಹಾನಗಲ್ಲರು 1913ರ ಮಾರ್ಚ್ 5ರಂದು. ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು. ಕುಮಾರ ಗಂಧರ್ವರು 1924ರ ಏಪ್ರಿಲ್ 8ರಂದು. ಹದಿನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದ ಈ ನಾಲ್ವರ ಶತಮಾನೋತ್ಸವಗಳೂ ಅಷ್ಟೇ ಅಂತರದಲ್ಲಿ ಬಂದು ಹೋದವು. ಇವರೆಲ್ಲರ ಯೌವನ ಮತ್ತು ಭಾರತದ ಬಾನುಲಿಯ ಯೌವನ ಒಂದೇ ಕಾಲದವು. ಮುಂಬಯಿ ನಿಲಯ ಆರಂಭವಾದದ್ದು 1927ರಲ್ಲಿ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದು 1935ರಲ್ಲಿ. ‘ಆಕಾಶವಾಣಿ’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಧಾರವಾಡ ನಿಲಯ ಕಣ್ತೆರೆದದ್ದು 1950ರ ಜನವರಿ 8ರಂದು. ಗಾಯಕರು ಬಾನುಲಿಯನ್ನು ಬೆಳೆಸಿದರು. ಬಾನುಲಿ ಗಾಯಕರನ್ನು ಊರೂರಿಗೆ ಒಯ್ದಿತು. ಹೀಗಿರುವಾಗ ಇವರ ದನಿಗಳೆಲ್ಲ ನಿಲಯದ ಕಪಾಟುಗಳಲ್ಲಿ ಸಾಲಾಗಿ ಕುಳಿತಿರಬೇಕೆಂದು ಯಾರಾದರೂ ಭಾವಿಸಬಹುದು. ವಸ್ತುಸ್ಥಿತಿ ಅಷ್ಟು ಸರಳವಲ್ಲ.

ಮೊದಲು ಹುಟ್ಟುಹಬ್ಬಗಳಲ್ಲಿರುವ ಎರಡು ಜಾತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಗಾಯಕರು ಬದುಕಿರುವಾಗ ಬರುವ ಷಷ್ಟ್ಯಬ್ದಿ, ಅಮೃತ ಮಹೋತ್ಸವಗಳು ಒಂದು ಜಾತಿ. ಅವರು ಹೋದ ಮೇಲೆ ಬರುವ ಶತಮಾನೋತ್ಸವ ಇನ್ನೊಂದು. ನಮ್ಮ ಕಡೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ತುಂಬುವುದು, ಬರಗಾಲದಲ್ಲಿ ತೆಗೆಯುವುದು. ಬದುಕಿರುವವರ ಹುಟ್ಟುಹಬ್ಬ ಬಾನುಲಿಗೆ ಸುಗ್ಗಿಯ ಕಾಲ. ಅವರನ್ನು ಕರೆಸಬಹುದು, ಹಾಡಿಸಬಹುದು, ಮಾತನಾಡಿಸಬಹುದು, ಬಂದದ್ದನ್ನೆಲ್ಲ ಹಗೇವಿಗೆ ಸೇರಿಸಬಹುದು. ಶತಮಾನೋತ್ಸವದ ದಿನ ಹಾಗಲ್ಲ. ಅಂದು ಬಾಯಿ ತೆರೆದು ಇದ್ದಷ್ಟನ್ನು ತೆಗೆಯಬೇಕು. ಹೊಸದಾಗಿ ಒಂದು ಕಾಳೂ ಬಂದು ಬೀಳುವುದಿಲ್ಲ.

ಈ ಹಗೇವು ತುಂಬಿದ ಬಗೆಯನ್ನು ನೋಡಿದರೆ ಇದ್ದದ್ದೇ ಹೆಚ್ಚು ಎನಿಸುತ್ತದೆ. ಆರಂಭದ ದಶಕಗಳಲ್ಲಿ ಬಾನುಲಿಯ ಸಂಗೀತವೆಂದರೆ ನೇರ ಪ್ರಸಾರವೇ. ಗಾಯಕರು ನಿಲಯಕ್ಕೆ ಬಂದು ಬೆಳಗಿನ ಹೊತ್ತು ಬೆಳಗಿನ ರಾಗ, ರಾತ್ರಿ ರಾತ್ರಿಯ ರಾಗ ಹಾಡಿ ಹೋಗುತ್ತಿದ್ದರು. ಹಾಡಿದ್ದು ಗಾಳಿಯಲ್ಲಿ ಹೋಯಿತು; ಕೇಳಿದವರ ನೆನಪಿನಲ್ಲಿ ಉಳಿದರೆ ಉಳಿಯಿತು. ಆ ಕಾಲದಲ್ಲಿ ದನಿಯನ್ನು ಹಿಡಿದಿಡುತ್ತಿದ್ದದ್ದು ಮುಖ್ಯವಾಗಿ ಗ್ರಾಮಫೋನ್ ಕಂಪನಿಗಳು. ಅವುಗಳ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷದ ಸಂಗೀತ. ಒಂದು ಗಂಟೆ ಬೆಳೆಸುವ ಖ್ಯಾಲನ್ನು ಮೂರು ನಿಮಿಷದಲ್ಲಿ ಮುಗಿಸುವುದೆಂದರೆ ರಗಳೆಯನ್ನು ಚೌಪದಿಗೆ ಇಳಿಸಿದಂತೆ. ಅದರಲ್ಲಿಯೂ ದೊಡ್ಡ ಕಲಾವಿದರು ರಾಗದ ರೂಪವನ್ನು ಎದ್ದು ನಿಲ್ಲಿಸಿದರೆಂಬುದು ಅವರ ಅಸಾಧಾರಣ ಶಕ್ತಿ. ಆದರೆ ಅವರ ವಿಲಂಬಿತದ ನಡೆಯನ್ನು ಆ ತಟ್ಟೆಗಳಿಂದ ಊಹಿಸಿಕೊಳ್ಳಬೇಕಷ್ಟೆ.

ಆಮೇಲೆ ಧ್ವನಿಸುರುಳಿ, ಅಂದರೆ ಟೇಪು, ಬಂದಿತು. 1952ರಲ್ಲಿ ಆರಂಭವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ, 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನ ಇವೆಲ್ಲ ದೀರ್ಘ ಗಾಯನಕ್ಕೆ ಅವಕಾಶ ಕೊಟ್ಟವು. ಟೇಪಿನಿಂದ ಆ ದೀರ್ಘ ಗಾಯನ ಉಳಿಯುವಂತಾಯಿತು. ಆದರೆ ಟೇಪಿಗೆ ಒಂದು ದೊಡ್ಡ ಅಪಾಯವೂ ಇತ್ತು. ಅದನ್ನು ಅಳಿಸಿ ಮತ್ತೆ ಬಳಸಬಹುದು. ಸುರುಳಿಗಳು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ಅನೇಕ ಪ್ರಸಾರ ಸಂಸ್ಥೆಗಳು ಹಳೆಯ ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುತ್ತಿದ್ದವು. ನಮ್ಮ ಶಾಸನಗಳಲ್ಲಿಯೂ ಹಳೆಯ ಬರಹವನ್ನು ಕೆತ್ತಿ ತೆಗೆದು ಹೊಸದನ್ನು ಬರೆಸಿದ ಕಲ್ಲುಗಳಿವೆಯಲ್ಲವೆ? ಕಲ್ಲಿನ ಮೇಲೆ ಹಳೆಯ ಅಕ್ಷರದ ಜಾಡಾದರೂ ಉಳಿಯುತ್ತದೆ. ಅಳಿಸಿದ ಟೇಪಿನಲ್ಲಿ ಬಹುಮಟ್ಟಿಗೆ ಅದೂ ಇಲ್ಲ.

ಇಷ್ಟನ್ನೆಲ್ಲ ದಾಟಿ ಉಳಿದ ದನಿಯನ್ನು ಹೇಗೆ ಕೇಳಿಸಬೇಕೆಂಬುದು ಮುಂದಿನ ಪ್ರಶ್ನೆ. ಇದಕ್ಕೆ ಗಂಗೂಬಾಯಿಯವರಿಗಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ.

ನಾನು ಸ್ನಾತಕೋತ್ತರ ತರಗತಿಗೆ ಗ್ರಂಥಸಂಪಾದನೆಯನ್ನು ಪಾಠ ಹೇಳುತ್ತಿದ್ದೆ. ಕರ್ತೃವಿನ ನಿರ್ಣಯವೆಂಬ ವಿಷಯಕ್ಕೆ ಬಂದಾಗ, ಹಳೆಯ ತಟ್ಟೆಗಳನ್ನು ಸಂಗ್ರಹಿಸುವ ಮಿತ್ರರೊಬ್ಬರಿಂದ ಎರಡು ಧ್ವನಿಮುದ್ರಿಕೆಗಳ ಪ್ರತಿ ತಂದು, ಹೆಸರು ಹೇಳದೆ ಕೇಳಿಸಿದೆ. ಮೊದಲನೆಯದು ತೆಳುವಾದ, ಮೇಲಿನ ಶ್ರುತಿಯ, ಚುರುಕಾದ ಹೆಣ್ಣುದನಿ. ಎರಡನೆಯದು ಗಂಡುದನಿಯೋ ಎಂಬಂತೆ ಆಳವಾದ, ಅಗಲವಾದ, ನಿಧಾನವಾಗಿ ಹೆಜ್ಜೆಯಿಡುವ ದನಿ. ಇವೆರಡೂ ಒಬ್ಬರವೇ ಎಂದಾಗ ಒಬ್ಬ ವಿದ್ಯಾರ್ಥಿನಿ ಒಪ್ಪಲೇ ಇಲ್ಲ. “ಹೆಂಗ್ ಸಾಧ್ಯ ಅದರೀ ಸರ್? ಮೊದಲನೇದ್ದು ಸಣ್ಣ ಹುಡುಗೀದು, ಎರಡನೇದ್ದು ಯಾರೋ ಹಿರೇರದು” ಎಂದಳು. ಅವಳ ಸಂಶಯ ನ್ಯಾಯವಾದದ್ದೇ. ತಟ್ಟೆಯ ಮೇಲಿನ ಹೆಸರನ್ನು ನೋಡಿದ್ದರೆ ಅವಳ ಸಂಶಯ ಇನ್ನೂ ಬಲವಾಗುತ್ತಿತ್ತು. ಮೊದಲನೆಯ ತಟ್ಟೆಯ ಮೇಲೆ ಇದ್ದದ್ದು ‘ಗಾಂಧಾರಿ’ ಎಂಬ ಹೆಸರು.

ಎರಡೂ ಗಂಗೂಬಾಯಿಯವರ ದನಿಗಳೇ. ಧಾರವಾಡದಲ್ಲಿ ಹುಟ್ಟಿದ ಅವರಿಗೆ ತಾಯಿ ಅಂಬಾಬಾಯಿಯವರಿಂದ ಕರ್ನಾಟಕ ಸಂಗೀತದ ಸಂಸ್ಕಾರ ಬಂದಿತ್ತು. ಮಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿಯಲೆಂದು 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಕೃಷ್ಣಾಚಾರ್ಯ ಹುಲಗೂರರಲ್ಲಿ ಮೊದಲ ಪಾಠ. ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ಕುಂದಗೋಳದ ರಾಮಭಾವು ಅವರಲ್ಲಿ ದೀರ್ಘ ಶಿಕ್ಷಣ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಕಲಿಕೆ ಅದು. ಆ 1930ರ ದಶಕದಲ್ಲಿಯೇ ಗ್ರಾಮಫೋನ್ ಕಂಪನಿ ಅವರ ಹಾಡನ್ನು ಮುದ್ರಿಸಿ, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಮಾರಿತು. ಆನಂತರ ಗಂಟಲಿನ ತೊಂದರೆ, ಶಸ್ತ್ರಚಿಕಿತ್ಸೆಗಳಾಗಿ ದನಿ ಆಳಕ್ಕೆ ಇಳಿಯಿತು. ಹಾಡುಗಾರರಿಗೆ ದನಿ ಬದಲಾಗುವುದೆಂದರೆ ಕವಿಗೆ ಭಾಷೆ ಬದಲಾದಂತೆ. ಎಷ್ಟೋ ಜನ ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದರು. ಗಂಗೂಬಾಯಿಯವರು ಆ ಹೊಸ ದನಿಗೆ ತಕ್ಕ ಗಾಂಭೀರ್ಯವನ್ನು ಸಾಧಿಸಿಕೊಂಡರು. ಕಿರಾನಾ ಘರಾಣೆಯ ನಿಧಾನವಾದ ಸ್ವರವಿಸ್ತಾರಕ್ಕೆ ಅದೇ ಸಾಧನವಾಯಿತು. ಮೊದಲಿಗೆ ಠುಮರಿ, ಭಜನೆಗಳನ್ನೂ ಹಾಡುತ್ತಿದ್ದವರು ಬರಬರುತ್ತ ಅವನ್ನು ಬಿಟ್ಟು ರಾಗಸಂಗೀತವೊಂದನ್ನೇ ಉಳಿಸಿಕೊಂಡರು. ನಮಗೆಲ್ಲ ಪರಿಚಿತರಾದ ಗಂಗೂಬಾಯಿಯವರು ಈ ಎರಡನೆಯ ದನಿಯವರು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಬಂದದ್ದು ಈ ದನಿಗೆ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡಾಗ ನಾವು ಕಳೆದುಕೊಂಡದ್ದೂ ಈ ದನಿಯನ್ನೇ. ಮೊದಲನೆಯ ದನಿ ಅದಕ್ಕಿಂತ ಬಹಳ ಹಿಂದೆಯೇ, ಅವರು ಬದುಕಿರುವಾಗಲೇ, ಹೋಗಿಬಿಟ್ಟಿತ್ತು.

ಇಂಥವರ ಹುಟ್ಟುಹಬ್ಬದಂದು ನಿಲಯವು ಪರಿಚಿತ ದನಿಯೊಂದನ್ನೇ ಕೇಳಿಸಿದರೆ ಅರ್ಧ ಬದುಕನ್ನು ಬಿಟ್ಟಂತಾಯಿತು. ವಿವರಣೆಯಿಲ್ಲದೆ ಎರಡನ್ನೂ ಕೇಳಿಸಿದರೆ, ಎಳೆಯ ಕೇಳುಗ ಮೊದಲನೆಯದನ್ನು ಬೇರೆ ಯಾರದೋ ಎಂದುಕೊಳ್ಳುತ್ತಾನೆ. ಇಲ್ಲವೆ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿದರೆಂದು ಸಂಶಯಪಡುತ್ತಾನೆ.

ಈ ಎರಡನೆಯ ಸಂಶಯ ಸ್ವಲ್ಪ ವಿವರಣೆಗೆ ಅರ್ಹವಾದದ್ದು. ತಟ್ಟೆಯಾಗಲಿ ಟೇಪಾಗಲಿ, ಮುದ್ರಿಸಿದ ವೇಗದಲ್ಲಿಯೇ ನುಡಿಸಿದರೆ ಮಾತ್ರ ದನಿ ನಿಜವಾಗಿರುತ್ತದೆ. ವೇಗ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ವೇಗ ಇಮ್ಮಡಿಯಾದರೆ ಮಂದ್ರದ ಷಡ್ಜ ಮಧ್ಯದ ಷಡ್ಜವಾಗುತ್ತದೆ. ಗ್ರಾಮಫೋನಿನ ಆರಂಭದ ದಶಕಗಳಲ್ಲಿ ಎಲ್ಲ ಕಂಪನಿಗಳ ವೇಗವೂ ನಿಖರವಾಗಿ 78 ಆಗಿರಲಿಲ್ಲ. ಹೀಗಾಗಿ ಹಳೆಯ ತಟ್ಟೆಯೊಂದನ್ನು ಪ್ರಸಾರಕ್ಕೆ ಸಿದ್ಧಪಡಿಸುವವರು ಮೊದಲು ಅದರ ವೇಗವನ್ನು ನಿಶ್ಚಯಿಸಬೇಕು. ವೇಗ ಹೆಚ್ಚಿದಾಗ ಶ್ರುತಿಯ ಜೊತೆಗೆ ಲಯವೂ ಓಡುತ್ತದೆ, ನುಡಿಯ ವ್ಯಂಜನಗಳೂ ಮೊಟಕಾಗುತ್ತವೆ. ಪಳಗಿದ ಕಿವಿ ಇದನ್ನು ಹಿಡಿಯುತ್ತದೆ. ಗಾಂಧಾರಿಯ ತಟ್ಟೆಯಲ್ಲಿ ಕೇಳುವುದು ನಿಜವಾಗಿ ಏರಿದ ದನಿಯೇ ಹೊರತು ಯಂತ್ರದ ಆತುರವಲ್ಲವೆಂದು ಹೇಳಬೇಕಾದರೆ ಇಷ್ಟು ಪರಿಶೀಲನೆ ನಡೆದಿರಬೇಕು. ಭಾರತದ ಗಾಂಧಾರಿ ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು. ಈ ಗಾಂಧಾರಿಯನ್ನು ಕೇಳುವಾಗ ನಾವು ಕಿವಿಗೆ ಬಟ್ಟೆ ಕಟ್ಟಿಕೊಳ್ಳಬಾರದು.

ಕನ್ನಡದ ಹಸ್ತಪ್ರತಿಗಳ ಪರಿಚಯವಿದ್ದವರಿಗೆ ಈ ತೊಡಕು ಹೊಸದಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ಇಂಥ ಊರಿನಲ್ಲಿ ಇಂಥವನು ಪ್ರತಿಮಾಡಿದನೆಂದು ಬರೆದಿದ್ದರೆ ಸಂಪಾದಕ ಅವನಿಗೆ ಕೈಮುಗಿಯುತ್ತಾನೆ. ಕೊನೆಯ ಗರಿ ಮುರಿದುಹೋಗಿದ್ದರೆ ಕೃತಿ ಯಾರದು, ಪ್ರತಿ ಯಾವಾಗಿನದು ಎಂದು ಒಳಗಿನ ಆಧಾರಗಳನ್ನು ಹುಡುಕಬೇಕು. ಧ್ವನಿಮುದ್ರಿಕೆಗೂ ಇಂಥ ಕೊನೆಯ ಗರಿ ಬೇಕು. ವಿನೋದವೆಂದರೆ, ನಮ್ಮ ದೇಶದ ಮೊದಲ ತಟ್ಟೆಗಳಲ್ಲಿ ಅದು ಗಾಯಕರ ಬಾಯಲ್ಲಿಯೇ ಇದ್ದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಾಳೆ. ಮುದ್ರಿಸಿದ ಮೇಣದ ಅಚ್ಚು ಜರ್ಮನಿಗೆ ಹೋಗಿ ತಟ್ಟೆಯಾಗಬೇಕಾಗಿತ್ತು. ಅಲ್ಲಿಯವರಿಗೆ ಯಾವ ಹಾಡು ಯಾರದೆಂದು ತಿಳಿಯಲು ಈ ಏರ್ಪಾಡು. ಆ ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ವ್ಯಾಪಾರದ ಅನುಕೂಲಕ್ಕೆ ಹೇಳಿಸಿದ ಒಂದು ವಾಕ್ಯ ಇಂದು ನಮ್ಮ ಪಾಲಿಗೆ ಚಾರಿತ್ರಿಕ ದಾಖಲೆಯಾಗಿದೆ.

ಅಂಥ ವಾಕ್ಯವಿಲ್ಲದ ಮುದ್ರಿಕೆಗಳಲ್ಲಿ ಒಳಗಿನ ಆಧಾರಗಳೇ ಗತಿ. ಒಂದು ಉದಾಹರಣೆ ಹೇಳುತ್ತೇನೆ. 1940ರಿಂದ ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರವಿತ್ತು. ಅದರ ಸ್ವರಗಳು ನಿಶ್ಚಲವಾದವು, ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳಿಗೆ ಒಗ್ಗವು ಎಂಬುದು ಕಾರಣ. ಆ ವಾದ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ನಿಲಯದ ಮುದ್ರಿಕೆಯೆಂದು ಖಚಿತವಾಗಿರುವ ಹಳೆಯ ಟೇಪಿನಲ್ಲಿ ಗಾಯನಕ್ಕೆ ಹಾರ್ಮೋನಿಯಂ ಸಾಥಿಯಿದ್ದರೆ, ಅದು ನಿಷೇಧ ಸಡಿಲಿದ 1970ರ ದಶಕದ ಈಚಿನದಿರಬೇಕೆಂದು ಊಹಿಸಲು ಆಧಾರ ಸಿಕ್ಕಿತು. ಸಾರಂಗಿ ಒಂದೇ ಇದ್ದರೆ ಅದಕ್ಕಿಂತ ಹಿಂದಿನದಾಗಿರಬಹುದು. ಛಂದಸ್ಸಿನಿಂದ ಕಾವ್ಯದ ಕಾಲವನ್ನು ಊಹಿಸುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಗಂಗೂಬಾಯಿಯವರ ಟೇಪುಗಳಲ್ಲಿ ಇನ್ನೊಂದು ಸೂಚನೆಯೂ ಸಿಗುತ್ತದೆ. ಅವರ ಬೆನ್ನಿಗೆ ಮಗಳು ಕೃಷ್ಣಾ ಹಾನಗಲ್ಲರ ದನಿ ಕೇಳಿಸಿದರೆ ಅದು ಮಗಳು ಬೆಳೆದು ಜೊತೆಗೆ ಕೂತ ಕಾಲದ್ದು.

ಹಾಗಾದರೆ ಹುಟ್ಟುಹಬ್ಬದ ಕಾರ್ಯಕ್ರಮ ಹೇಗಿರಬೇಕು? ‘ಸಂಗೀತ ಲೋಕದ ಧ್ರುವತಾರೆ’ ಮೊದಲಾದ ವಿಶೇಷಣಗಳಿಗೆ ಕೊಡುವ ಸಮಯದಲ್ಲಿ ಅರ್ಧವನ್ನು ಉದ್ಘೋಷಕರು ವಿವರಗಳಿಗೆ ಕೊಡಬೇಕೆಂಬುದು ನನ್ನ ವಿನಂತಿ. ಈಗ ಕೇಳಲಿರುವುದು ಯಾವ ವರ್ಷದ್ದು, ತಟ್ಟೆಯೋ ನಿಲಯದ ಮುದ್ರಿಕೆಯೋ ಬಯಲು ಕಚೇರಿಯೋ, ಗಾಯಕರಿಗೆ ಆಗ ಎಷ್ಟು ವಯಸ್ಸು, ತಬಲಾ ಯಾರದು, ಸಾರಂಗಿ ಯಾರದು—ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಪಕ್ಕವಾದ್ಯದವರಿಗೆ ಯಾರೂ ಶತಮಾನೋತ್ಸವ ಮಾಡುವುದಿಲ್ಲ. ಮುಖ್ಯ ಗಾಯಕರ ಹಬ್ಬದಲ್ಲಿಯಾದರೂ ಅವರ ಹೆಸರು ಕೇಳಿಸಬೇಕು. ಬೆಳಗಿನ ರಾಗವನ್ನು ಬೆಳಿಗ್ಗೆಯೇ ಕೇಳಿಸುವ ಸೌಲಭ್ಯ ದಿನವಿಡೀ ಮಾತನಾಡುವ ಬಾನುಲಿಗೆ ಇರುವಷ್ಟು ಯಾವ ಸಭಾಂಗಣಕ್ಕೂ ಇಲ್ಲ, ಅದನ್ನು ಬಳಸಿಕೊಳ್ಳಬೇಕು. 2016ರಲ್ಲಿ ಶಾಸ್ತ್ರೀಯ ಸಂಗೀತಕ್ಕಾಗಿಯೇ ‘ರಾಗಂ’ ಎಂಬ ವಾಹಿನಿಯನ್ನು ಆಕಾಶವಾಣಿ ಬೆಂಗಳೂರಿನಿಂದ ಆರಂಭಿಸಿದ ಮೇಲಂತೂ ಸಮಯವಿಲ್ಲವೆಂಬ ಮಾತಿಗೆ ಬಲ ಕಡಿಮೆಯಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನಲವತ್ತು ನಿಮಿಷದ ಖ್ಯಾಲೊಂದು ಉಳಿದಿದ್ದರೆ ಅದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ ನಡುವೆ ಮಾತು ತುಂಬಬಾರದು. ತಟ್ಟೆಯ ಕಾಲದಲ್ಲಿ ಮೂರು ನಿಮಿಷದ ಬಂಧನ ಅನಿವಾರ್ಯವಾಗಿತ್ತು. ಅದು ಕಳಚಿ ಬಿದ್ದ ಮೇಲೂ ನಾವೇ ಕತ್ತರಿ ಹಿಡಿಯುವುದು ವಿಚಿತ್ರ.

ಇನ್ನು ಸುಗ್ಗಿಯ ಮಾತು. ಟೇಪು ಚಿರಂಜೀವಿಯಲ್ಲ. ಅದರ ಮೇಲಿನ ಕಾಂತದ ಲೇಪ ತೇವಕ್ಕೆ ಮೆತ್ತಗಾಗಿ ಪದರಪದರವಾಗಿ ಏಳುತ್ತದೆ. ಬಹುಕಾಲ ಸುತ್ತಿಟ್ಟ ಸುರುಳಿಯಲ್ಲಿ ಒಂದು ಸುತ್ತಿನ ಮುದ್ರೆ ಪಕ್ಕದ ಸುತ್ತಿಗೆ ಅಂಟಿಕೊಳ್ಳುವುದರಿಂದ, ಹಾಡು ಆರಂಭವಾಗುವ ಮೊದಲೇ ಅದರ ಮಸುಕಾದ ನೆರಳು ಕೇಳಿಸುತ್ತದೆ. ಆಕಾಶವಾಣಿ ತನ್ನ ಸಂಗ್ರಹದ ಅನೇಕ ಮುದ್ರಿಕೆಗಳನ್ನು ಹೊಸ ತಂತ್ರಕ್ಕೆ ಇಳಿಸಿ, ‘ಆಕಾಶವಾಣಿ ಸಂಗೀತ್’ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಿಟ್ಟದ್ದು ಪ್ರಶಂಸನೀಯ ಕೆಲಸ. ಆದರೆ ದನಿಯನ್ನು ಹೊಸ ಪಾತ್ರೆಗೆ ಸುರಿದ ಮಾತ್ರಕ್ಕೆ ಅದರ ವಿವರ ತಾನಾಗಿ ಬಂದು ಸೇರುವುದಿಲ್ಲ. ಟೇಪಿನ ಡಬ್ಬಿಯ ಮೇಲಿನ ಚೀಟಿ ಉದುರಿಹೋಗಿದ್ದರೆ, ಆ ರಾತ್ರಿ ಅಲ್ಲಿದ್ದ ತಬಲಾವಾದಕರೋ ತಂಬೂರಿ ಹಿಡಿದ ಶಿಷ್ಯರೋ ನಿಲಯದ ನಿವೃತ್ತ ನೌಕರರೋ ಹೇಳಬೇಕು. ಅಂಥವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಟೇಪನ್ನು ಉಳಿಸುವ ಯಂತ್ರಗಳು ನಾಳೆ ಇನ್ನೂ ಉತ್ತಮವಾಗಬಹುದು. ‘ಇದು ಇಂಥವರ ದನಿ, ಇಂಥ ವರ್ಷದ್ದು’ ಎಂದು ಹೇಳುವ ಕಿವಿಗಳು ನಾಳೆ ಇರಲಾರವು.

ಗಂಗೂಬಾಯಿಯವರ ವಿಷಯದಲ್ಲಿ ನಾವು ಒಂದು ದೃಷ್ಟಿಯಿಂದ ಭಾಗ್ಯಶಾಲಿಗಳು. ಅವರು ತೊಂಬತ್ತಾರು ವರ್ಷ ಬಾಳಿದರು. ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥೆಯಲ್ಲಿ ತಮ್ಮ ಬದುಕನ್ನು ತಾವೇ ಹೇಳಿಕೊಂಡರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿ ಕಲಿಸಿದರು. ಗಾಂಧಾರಿ ಯಾರೆಂದು ಕೇಳಿದರೆ ಹೇಳಲು ಅವರೇ ಇದ್ದರು. ಎಲ್ಲ ಗಾಯಕರಿಗೂ ಇಷ್ಟು ದೀರ್ಘ ಆಯುಷ್ಯವಾಗಲಿ ಬರೆದಿಡುವ ಅನುಕೂಲವಾಗಲಿ ಇರುವುದಿಲ್ಲ. ಇಂದು ಎಪ್ಪತ್ತು, ಎಪ್ಪತ್ತೈದರ ಹರೆಯದಲ್ಲಿರುವ ಗಾಯಕ ಗಾಯಕಿಯರು ನಮ್ಮ ನಡುವೆ ಇದ್ದಾರೆ. ಅವರ ಹುಟ್ಟುಹಬ್ಬದಂದು ಶುಭಾಶಯ ಹೇಳಿ, ಹಳೆಯ ಮುದ್ರಿಕೆಯೊಂದನ್ನು ಹಾಕಿ ಮುಗಿಸುವ ಬದಲು, ಅವರನ್ನು ನಿಲಯಕ್ಕೆ ಕರೆಸಿ ಎದುರಿಗೆ ಕೂರಿಸಿಕೊಂಡು ಅವರದೇ ಹಳೆಯ ಮುದ್ರಿಕೆಗಳನ್ನು ಅವರಿಗೆ ಕೇಳಿಸಬೇಕು. ‘ಇದು ಎಂದಿನದು? ಜೊತೆಗೆ ಯಾರಿದ್ದರು? ಈ ಚೀಜು ಯಾರಿಂದ ಬಂದದ್ದು?’ ಎಂದು ಕೇಳಿ, ಅವರ ಉತ್ತರವನ್ನು ಮುದ್ರಿಸಿ ಆ ಹಾಡಿನ ಜೊತೆಗೇ ಇಡಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಮಧ್ಯಾಹ್ನದ ಬಿಡುವು ಮತ್ತು ತಾಳ್ಮೆಯುಳ್ಳ ಒಬ್ಬ ಕಾರ್ಯಕ್ರಮ ನಿರ್ವಾಹಕರು ಸಾಕು.

ಕೇಳುಗರಾದ ನಮಗೂ ಇದರಲ್ಲಿ ಒಂದು ಪಾಲು ಇದೆ. ಹಿಂದೆ ನಿಲಯಕ್ಕೆ ಕಾಗದ ಬರೆಯುವ ಶ್ರೋತೃಗಳಿರುತ್ತಿದ್ದರು. ಮೆಚ್ಚಿ ಬರೆಯುತ್ತಿದ್ದರು, ಜಗಳವಾಡಿಯೂ ಬರೆಯುತ್ತಿದ್ದರು. ಪ್ರಸಾರವಾದ ಮುದ್ರಿಕೆಯ ಕಾಲದ ಬಗೆಗೆ, ಪಕ್ಕವಾದ್ಯದವರ ಬಗೆಗೆ ಬಲ್ಲವರು ಇಂದಿಗೂ ಎರಡು ಸಾಲು ಬರೆಯಬಹುದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ತಟ್ಟೆಗಳಿದ್ದರೆ ಗುಜರಿಯವನಿಗೆ ಹಾಕುವ ಮುನ್ನ ಅವುಗಳ ಮೇಲಿನ ಹೆಸರನ್ನು ಒಮ್ಮೆ ಓದಬಹುದು. ಯಾರೂ ಕೇಳದ ಹೆಸರೆಂದು ನಾವು ಬದಿಗೆ ಸರಿಸುವ ತಟ್ಟೆಯ ಮೇಲೆ ‘ಗಾಂಧಾರಿ’ ಎಂದು ಬರೆದಿದ್ದರೂ ಬರೆದಿರಬಹುದು.